ನಕ್ಷೆ ಮುಗಿಯುವ ತನಕ ಶಹನಾ

ಪುತ್ತೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಇನ್ನೂ ಬೆಳಕು ಹರಿದಿಲ್ಲ. ಇಚಿಲಂಪಾಡಿಯ ಮೂಸಕುಂಞಿ ಅಂಗಿ ಕಳಚಿ ಮಂಚದ ಅಂಚಿಗೆ ಕೂತಿದ್ದಾರೆ. ಸಹಾಯಕಿ ಶಹನಾ ಅವರ ಬೆನ್ನೊರೆಸಿ ಹೃದಯದ ನಕ್ಷೆ ತೆಗೆಯಲು ಬೇಕಾದ ಅಂಗೈಯಗಲದ ಪಟ್ಟಿಗಳನ್ನು ಒತ್ತಿ ಅಂಟಿಸುತ್ತಿದ್ದಾರೆ. "ತಣ್ಣಗೆ ಉಂಟಲ್ವಾ? ಈಗ ಬೆಚ್ಚಗಾಗ್ತದೆ" ಎನ್ನುತ್ತಾರೆ ಬ್ಯಾರಿ ಭಾಷೆಯಲ್ಲಿ. ಮೂಸಕುಂಞಿ ಬೆನ್ನನ್ನು ಇನ್ನಷ್ಟು ಬಾಗಿಸಿ ಕೊಡುತ್ತಾರೆ.

ಕೆಲವು ವರ್ಷಗಳ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಜೀವ ಉಳಿಯಿತು, ಹೃದಯದಲ್ಲಿ ಕಲೆಯೂ ಉಳಿಯಿತು. ಆ ಸತ್ತ ಮಾಂಸದ ನಡುವೆ ಉಳಿದ ಜೀವಂತ ಎಳೆಗಳಲ್ಲಿ ವಿದ್ಯುತ್ ಸುತ್ತು ಹೊಡೆಯತೊಡಗಿದರೆ ಬಡಿತ ಹುಚ್ಚೆದ್ದು ಓಡುತ್ತದೆ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ವಿದ್ಯುತ್ ಸುತ್ತುವ ಆ ದಾರಿ ಹುಡುಕಿ ಸುಡಲು ಮಂಗಳೂರಿನಿಂದ ವೈದ್ಯರು ಬರುತ್ತಾರೆ. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದ ಒಳಗೋಡೆ ಮುಟ್ಟುತ್ತಾ ಪರದೆಯ ಮೇಲೆ ನಕ್ಷೆ ಬಿಡಿಸುತ್ತಾರೆ. ಕೆಲವೊಮ್ಮೆ ಆ ಕೆಟ್ಟ ಬಡಿತವನ್ನು ಬೇಕೆಂದೇ ಎಬ್ಬಿಸಬೇಕು. ಪೂರ್ತಿ ಅರಿವಳಿಕೆ ಕೊಟ್ಟರೆ ಕೆಲವರಲ್ಲಿ ಅದು ಏಳುವುದೇ ಇಲ್ಲ. ಹಾಗಾಗಿ ರೋಗಿ ಅರೆ ಎಚ್ಚರದಲ್ಲಿ ಗಂಟೆಗಟ್ಟಲೆ ಮಲಗಿರಬೇಕು. ಮೈ ಸರಿದರೆ ನಕ್ಷೆಯೂ ಸರಿಯುತ್ತದೆ.

ಸರಿಯದಂತೆ ನೋಡಿಕೊಳ್ಳುವುದು ಶಹನಾರ ಕೆಲಸ. ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ಹೊತ್ತು ತಲೆಯ ಬಳಿ ನಿಂತು ಮಾತಾಡುತ್ತಾರೆ. ಕಡಬದವರ ಜೊತೆ ತುಳು, ಸುಳ್ಯದವರ ಜೊತೆ ಅರೆಭಾಷೆ. ಸಂಜೆ ಆಲಂಕಾರಿನ ಮನೆ ಸೇರುವಾಗ ಬೆನ್ನು ನೆಟ್ಟಗಿರುವುದಿಲ್ಲ. ಗಂಡ ಹಕೀಮ್ ಎಣ್ಣೆ ತಿಕ್ಕುತ್ತಾರೆ.

ಮೊದಲು ಶಹನಾ ಇಲ್ಲಿ ನೆಲ ಒರೆಸುತ್ತಿದ್ದವರು. ಒಮ್ಮೆ ಒಳಗೆ ಒಬ್ಬ ಅಜ್ಜ ಬ್ಯಾರಿಯಲ್ಲಿ ಕಿರುಚಾಡುತ್ತಿದ್ದಾಗ ವೈದ್ಯರೇ ಬಾಗಿಲು ತೆರೆದು ಕರೆದರು. "ಎಂತ ಹೇಳಿದೆ ಅಂತ ನೆನಪಿಲ್ಲ. ಅಜ್ಜ ಸುಮ್ಮನಾದ್ರು. ಮತ್ತೆ ನನ್ನನ್ನು ಹೊರಗೆ ಕಳಿಸ್ಲೇ ಇಲ್ಲ."

ಕಳೆದ ವರ್ಷ ಪಂಜದ ತ್ಯಾಂಪಣ್ಣ ಇದೇ ಮೇಜಿನ ಮೇಲಿದ್ದರು. ಬಡಿತ ಎಬ್ಬಿಸಿದಾಗ, "ಇದೇ, ಮನೆಯಲ್ಲಿ ಬಂದದ್ದು ಇದೇ" ಎಂದರು. "ಬೇಕಂತಲೇ ಮಾಡಿದ್ದಣ್ಣ, ಎಂತ ಆಗುದಿಲ್ಲ" ಎಂದು ಶಹನಾ ಧೈರ್ಯ ತುಂಬಿದರು. ಸ್ವಲ್ಪ ಹೊತ್ತಿಗೆ ಅವರು, "ಅಕ್ಕಾ, ಕಾಲು ಜೋಮು ಹಿಡಿದಿದೆ. ಮಡಚಲಾ?" ಎಂದರು. "ಈಗ ಬೇಡ, ಇನ್ನು ಸ್ವಲ್ಪ ಉಂಟು."

ಆಮೇಲೆ ಬಡಿತ ಕೈಮೀರಿತು. ಶಾಕ್ ಕೊಟ್ಟರು, ಎದೆ ಒತ್ತಿದರು. ತ್ಯಾಂಪಣ್ಣ ಮರಳಲಿಲ್ಲ. ಪರದೆಯ ಮೇಲೆ ಅವರ ಹೃದಯದ ನಕ್ಷೆ ಅರ್ಧಕ್ಕೇ ನಿಂತಿತ್ತು. ಬೆಳಿಗ್ಗೆ ತಾವೇ ಅಂಟಿಸಿದ್ದ ಪಟ್ಟಿಗಳನ್ನು ಶಹನಾ ಒಂದೊಂದಾಗಿ ಕಿತ್ತರು.

ತಿಂಗಳು ಕಳೆದು ತ್ಯಾಂಪಣ್ಣರ ಹೆಂಡತಿ ಊರ್ಮಿಳಾ ಹುಡುಕಿಕೊಂಡು ಬಂದರು. ಕೊನೆಗೆ ಎಂತ ಹೇಳಿದ್ರು ಅಂತ ಕೇಳಿದರು. ನಿಮ್ಮ ಹೆಸರು ಹೇಳಿದ್ರು ಎಂದುಬಿಡಬಹುದಿತ್ತು. ಶಹನಾ ಕಾಲಿನ ವಿಷಯವನ್ನೇ ಹೇಳಿದರು.

"ಮನೆಯಲ್ಲಿ ಯಾರ ಮಾತೂ ಕೇಳಿದವರಲ್ಲ" ಎಂದರು ಊರ್ಮಿಳಾ. "ನಿಮ್ಮದು ಕೇಳಿದ್ರಾ?"

"ಕೇಳಿದ್ರು. ಅಲ್ಲಾಡಲೇ ಇಲ್ಲ."

ಊರ್ಮಿಳಾ ಅಳುತ್ತಾ ಹೋದರು. "ಎರಡು ಬೈದಿದ್ರೆ ಒಳ್ಳೆದಿತ್ತು" ಎನ್ನುತ್ತಾರೆ ಶಹನಾ. "ಈಗ 'ಎಂತ ಆಗುದಿಲ್ಲ' ಅಂತ ಯಾರಿಗೂ ಹೇಳುದಿಲ್ಲ. ನಾನು ಇಲ್ಲೇ ಇದ್ದೇನೆ ಅಂತ ಮಾತ್ರ. ಅದೊಂದು ನಿಜ ಅಲ್ವಾ?"

ಮಧ್ಯಾಹ್ನ ಮೂಸಕುಂಞಿಯವರನ್ನು ಹೊರಗೆ ತರುತ್ತಾರೆ. ಒಂದು ದಾರಿ ಸಿಕ್ಕಿದೆ, ಸುಟ್ಟಾಗಿದೆ. ಇನ್ನೊಂದು ಗೋಡೆಯ ಆಳದಲ್ಲಿದೆ, ಅಲ್ಲಿಗೆ ಕಾವು ತಲುಪಲಿಲ್ಲ. ಅದನ್ನು ಹೊತ್ತೇ ಅವರು ಊರಿಗೆ ಹೋಗಬೇಕು. ಮಗಳು ಆಯಿಶಾ ವೈದ್ಯರ ಮುಂದೆ ನಿಂತು ಕೇಳುತ್ತಿದ್ದಾಳೆ, ಮುಖ ಬಿಳಿಚಿದೆ. ಪಕ್ಕದಲ್ಲೇ ಏಪ್ರನ್ ಕಳಚುತ್ತಿರುವವರು ಯಾರೆಂದು ಆಕೆಗೆ ಗೊತ್ತಿಲ್ಲ.

ನಿಮಗೆ ಎಂತ ಬೇಕು ಎಂದು ಕೇಳಿದರೆ ಶಹನಾ ಕಳಚಿದ ಏಪ್ರನ್ನನ್ನು ಮೊಳೆಗೆ ತೂಗುಹಾಕುತ್ತಾರೆ.

"ಮೆಷಿನ್ ಹೊಸದು ಬರ್ತಾ ಇರ್ತದೆ, ಅದರ ಚಿಂತೆ ಇಲ್ಲ. ನಾನು ಬಿಟ್ಟ ಮೇಲೆ ಆ ಜಾಗದಲ್ಲಿ ಒಬ್ಬರನ್ನು ನಿಲ್ಲಿಸ್ಬೇಕು, ಮಾರಾಯ್ರೆ. ಒಳಗೆ ಹೋದವರಿಗೆ ಅವರವರ ಮನೆಮಾತು ಕೇಳ್ಬೇಕು."