ಭಾವನ ಬಾಟಲಿ, ನೆಗೆಣ್ಣಿಯ ನಾಲಿಗೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ನನ್ನ ನೆಗೆಣ್ಣಿ ಗಂಡನಿಗೆ ರುಚಿ ಹೇಳುತ್ತಿದ್ದಳು. "ಝುಣಕಕ್ಕ ಖಾರ ಹೆಚ್ಚಾಗೇತ್ರಿ. ಹುಳಿ ಬರೋಬರಿ ಐತಿ." ಅವಳ ಗಂಡ, ಅಂದರೆ ನನ್ನ ಭಾವ, ಮಹಾಯುದ್ಧಕ್ಕೆ ಇಟಲಿಗೆ ಹೋಗಿ ತಲೆಗೆ ಪೆಟ್ಟು ತಿಂದು ಬಂದವರು. ಜೀವ ಉಳಿಯಿತು, ವಾಸನೆ, ರುಚಿ ಎರಡೂ ಹೋದವು. ಹೆಂಡತಿ ಹೇಳಿದ ಮೇಲೆಯೇ ಅವರು ತುತ್ತು ಎತ್ತುವುದು. ಹೊಸತಾಗಿ ಸೊಸೆಯಾಗಿ ಬಂದ ನನಗೆ ನಗು ತಡೆಯುವುದೇ ದೊಡ್ಡ ಕೆಲಸವಾಗಿತ್ತು.

ಪೆಟ್ಟು ಬೀಳುವ ಮುಂಚೆ ಅವರು ಕೊನೆಯದಾಗಿ ಸವಿದದ್ದು ಅಲ್ಲಿಯ ರೈತ ಮುದುಕಿಯೊಬ್ಬಳ ಮನೆಯ ಕೆಂಪು ವೈನು. ಅವಳು ಕೊಟ್ಟು ಕಳಿಸಿದ ಒಂದು ಬಾಟಲಿ ವರ್ಷಗಟ್ಟಲೆ ನೆಲದಡಿಯ ನಮ್ಮ ಜೋಳದ ಹಗೇವಿನ ಕತ್ತಲಲ್ಲಿ ಮಲಗಿತ್ತು. ಮುಂಬಯಿ ಸರಕಾರದ ಪಾನನಿಷೇಧ ಬೇರೆ, ಸಿಕ್ಕರೆ ಜೈಲು. ಆದರೂ ಒಂದು ದೀಪಾವಳಿಗೆ ಭಾವ ಅದನ್ನು ಮೇಲೆ ತೆಗೆದು, ಗಾಜಿನ ಲೋಟಕ್ಕೆ ಸುರಿದು, ಹೆಂಡತಿಯ ಮುಂದಿಟ್ಟರು.

"ಆಗಿನ ರುಚಿ ಉಳದೈತೋ ಇಲ್ಲೋ, ನೀನ ಹೇಳಬೇಕು."

"ಲಿಂಗ ಕಟ್ಟಿದ ಕೊರಳಾಗ ಸೆರೆ ಇಳಸ್ಲೇನ್ರಿ?"

ನಾನು ಬಾಗಿಲ ಚಿಲಕ ಹಾಕಿ ಬಂದು ಕೂತೆ. ಇಂಥ ತಮಾಷೆ ಬಿಟ್ಟು ಹೋಗುವವರ ಪೈಕಿ ನಾನಲ್ಲ.

ನೆಗೆಣ್ಣಿ ನೂಲಿಗೆ ಬಣ್ಣ ಹಾಕುವವಳು. ಕುಡಿಯದೇ ಪಾರಾಗಲು ಲೋಟವನ್ನು ಬೆಳಕಿಗೆ ಹಿಡಿದಳು. "ನಡುವ ಕೆಂಪ, ಅಂಚಿಗೆ ಇಟ್ಟಂಗಿ ಬಣ್ಣ. ಹಳೇದಾಗೈತಿ." ಆಮೇಲೆ ಬಿಳಿ ನೂಲೊಂದನ್ನು ಅದ್ದಿ, ಹಿಂಡಿ, ನೀರಲ್ಲಿ ಜಾಲಿಸಿದಳು. "ಬಣ್ಣ ನಿಲ್ಲೂದಿಲ್ರಿ."

"ಸೀರಿ ನೇಯಾಕಲ್ಲ ಬೇ ಇದು!" ಎಂದರು ಭಾವ.

ಕೊನೆಗೆ ಮೂಸಿದಳು. "ಬಾರೀಹಣ್ಣಿನ ವಾಸನಿ... ಹೊಸಾ ಚಪ್ಪಲಿದೂ ಐತಿ."

ನಾನು ಕಿಸಕ್ಕನೆ ನಕ್ಕೆ. ಭಾವನ ಮುಖ ಸಣ್ಣದಾಯಿತು. "ಚಪ್ಪಲಿ ವಾಸನಿ ಇರಲಿಲ್ಲ ಆಗ. ಕೆಟ್ಟಿರಬೇಕು. ಚೆಲ್ಲಿಬಿಡು," ಎಂದರು. ನನ್ನ ನಗು ಅಲ್ಲೇ ನಿಂತಿತು.

ನೆಗೆಣ್ಣಿ ಗಂಡನ ಮುಖ ನೋಡಿದಳು. ಲಿಂಗದ ಮೇಲೆ ಸೆರಗು ಮುಚ್ಚಿ, ಕಣ್ಣು ಮುಚ್ಚಿ, ಒಂದು ಗುಟುಕು ಹಾಕಿದಳು.

"ನಾಲಿಗಿ ಹಿಡದ್ಹಂಗ ಆತ್ರಿ. ಬಣ್ಣ ಕಚ್ಚಲಿ ಅಂತ ಹಾಕ್ತೇವಲ್ಲ, ಆ ಅಳಲಿಕಾಯಿ ಕಡದಂಗ. ಹಿಂದ ಹುಳಿ. ಕಡೀಕ ಸಣ್ಣಗ ಸಿಹಿ ಬರಾಕತ್ತೈತಿ. ಕೆಟ್ಟಿಲ್ರಿ, ಖರೆ."

ಭಾವ ಬಾಟಲಿಯನ್ನು ಹತ್ತಿರ ಎಳೆದುಕೊಂಡರು. "ಅಳಲಿಕಾಯಿ... ಹೌದು. ಮುದುಕಿ ಮನ್ಯಾಗ ಕುಡದಾಗ ನಿನ್ನ ಬಣ್ಣದ ಬಾನಿ ನೆನಪಾಗಿ ಅತ್ತಿದ್ನಿ," ಎಂದರು.

ಅವರು ಲೋಟ ತಗೊಂಡು ಒಂದು ಗುಟುಕು ಕುಡಿದು, ಅಭ್ಯಾಸದಂತೆ ಹೆಂಡತಿಯ ಕಡೆ ನೋಡಿದರು. ಅವಳು ತಾನೂ ಒಂದು ಗುಟುಕು ಕುಡಿದು ರುಚಿ ಹೇಳಿದಳು. ಮತ್ತೆ ಅವರು, ಮತ್ತೆ ಅವಳು. ಬಾಟಲಿ ಅರ್ಧ ಆಗುವಷ್ಟರಲ್ಲಿ, "ಯಾಕ ನಿಂತ್ರಿ? ತಗೋರಿ ಇನ್ನೊಂದ ಗುಟುಕು, ನಾ ಹೇಳ್ತೇನಿ," ಎನ್ನುತ್ತಿದ್ದವಳು ನೆಗೆಣ್ಣಿಯೇ.