ದೊಡ್ಡಮ್ಮನ ಬಾಯಿಮಾತು

ನನ್ನ ಬಲಗೈಯ ಎರಡು ಬೆರಳುಗಳಿಗೆ ತುದಿ ಇಲ್ಲ. ಅವು ಹೋದದ್ದು ಲೇತ್ ಯಂತ್ರದಿಂದಲೋ, ನಮ್ಮ ದೊಡ್ಡಮ್ಮನ ಶಾಪದಿಂದಲೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಡಾಕ್ಟರು ಲೇತ್ ಎಂದೇ ಬರೆದರು. ಅವರಿಗೆ ದೊಡ್ಡಮ್ಮನ ಪರಿಚಯವಿರಲಿಲ್ಲ.

ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ದೊಡ್ಡಮ್ಮ. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚು ಅವಳದು. ಉಳಿದ ಆರು ದಿನ ಮನೆಯಲ್ಲಿ ಮಾತೆಲ್ಲ ಅವಳದು. ಹಾಲಿನವನು, ಪಕ್ಕದ ಮನೆಯ ಬೆಕ್ಕು, ಹೊಗೆ ಕಾರುವ ಒಲೆ, ಎಲ್ಲಕ್ಕೂ ಅವಳ ಬೈಗುಳದಲ್ಲಿ ಸಮಪಾಲಿತ್ತು. ಬೈದು ಮುಗಿಸಿದ ಬಾಯಲ್ಲೇ ಊಟಕ್ಕೆ ಮುಂಚೆ ಸ್ತೋತ್ರವನ್ನೂ ಹೇಳುತ್ತಿದ್ದಳು. ಇವೆರಡೂ ಒಂದೇ ಬಾಯಿಂದ ಬರುವುದರಲ್ಲಿ ನಮಗೆ ಯಾರಿಗೂ ತೊಡಕು ಕಂಡಿರಲಿಲ್ಲ.

ಕನ್ನಡ ನಾಡು ಒಂದಾದ ಮರುವರ್ಷ. ನಾನು ಭದ್ರಾವತಿಯಲ್ಲಿ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಮದುವೆಯಾಗಿ ಒಂದೆರಡು ತಿಂಗಳಷ್ಟೇ. ದೊಡ್ಡಮ್ಮನ ಬಾಲ್ಯದ ಗೆಳತಿ ರೂತಮ್ಮ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದಳು. ಒಂದು ಸೋಮವಾರ ಅವಳಿಂದ ಕಾರ್ಡು ಬಂತು: ಮೈ ತೀರ ಕೆಟ್ಟಿದೆ, ಒಮ್ಮೆ ಬಂದು ಹೋಗು. ಅಂಚೆಯವನು ಅದನ್ನು ದಾರಿಯಲ್ಲೇ ನನ್ನ ಕೈಗೆ ಕೊಟ್ಟ. ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ. ಆ ಅಂಗಿ ಗೂಟಕ್ಕೆ ಹೋಯಿತು, ಕಾರ್ಡು ಮನಸ್ಸಿನಿಂದಲೇ ಹೋಯಿತು. ಶುಕ್ರವಾರ ಒಗೆಯಲು ಅಂಗಿ ತೆಗೆದಾಗ ನನ್ನ ಹೆಂಡತಿ ಸುಗುಣಳಿಗೆ ಅದು ಸಿಕ್ಕಿತು. ದೊಡ್ಡಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ರೂತಮ್ಮನನ್ನು ಹಿಂದಿನ ದಿನವೇ ಮಣ್ಣು ಮಾಡಿದ್ದರು.

ಸಂಜೆ ವಾಪಸು ಬಂದವಳು ಬಾಗಿಲಲ್ಲೇ ನಿಂತಳು. ‘ಮೂರು ದಿನ ನನ್ನ ಹೆಸರು ಕೂಗಿದ್ಲಂತೆ ಕಣೋ. ಬಾಗ್ಲು ಸದ್ದಾದ್ರೆ ನಾನೇ ಬಂದೆ ಅಂತ ತಲೆ ಎತ್ತಿ ನೋಡ್ತಿದ್ಲಂತೆ’ ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. ‘ಕಾಗದ ಇಸ್ಕೊಂಡೂ ಕೊಡ್ಲಿಲ್ವಲ್ಲ, ಆ ಕೈ ಸೇದಿಹೋಗ್ಲಿ!’ ಎಂದವಳೇ ಒಳಗೆ ಹೋದಳು. ಅವಳ ಬೈಗುಳ ನನಗೆ ಹೊಸದಲ್ಲ. ಆದರೆ ಈ ಸಲ ಅವಳು ಕೂಗಿರಲಿಲ್ಲ, ಮೆಲ್ಲಗೆ ಹೇಳಿದ್ದಳು. ಅದೇ ನನ್ನನ್ನು ಹೆದರಿಸಿದ್ದು.

ಹನ್ನೊಂದನೆಯ ದಿನ ಲೇತ್ ನನ್ನ ಬೆರಳು ಹಿಡಿಯಿತು.

ಆಸ್ಪತ್ರೆಗೆ ಬಂದ ದೊಡ್ಡಮ್ಮ ಬ್ಯಾಂಡೇಜು ನೋಡಿದಳು, ಗೋಡೆಗೆ ಒರಗಿ ಕುಳಿತಳು. ನನ್ನ ಜೊತೆ ಕೆಲಸ ಮಾಡುವ ಶಿವಣ್ಣ, ‘ಮೆಷಿನ್ ನಿಲ್ಲೋ ಮುಂಚೆ ಕೈ ಹಾಕಿದ್ನಲ್ಲ ಮಾರಾಯ್ತಿ, ಇನ್ನೇನಾಗುತ್ತೆ!’ ಎಂದು ಸಮಾಧಾನ ಹೇಳಿದ. ‘ಯಾಕೋ ಹಾಕ್ದೆ?’ ಎಂದು ಅವಳು ನನ್ನನ್ನು ಕೇಳಿದಳು. ಜಾರಿತು ಎಂದೆ. ನನ್ನ ಹೆಸರು ಸತ್ಯಾನಂದ. ಆದರೂ ಜಾರಿತೆಂದದ್ದು ಹಸಿ ಸುಳ್ಳು. ಆ ಹನ್ನೊಂದು ದಿನವೂ ನಾನು ಗಳಿಗೆಗೊಮ್ಮೆ ಬಲಗೈಯನ್ನು ಮಡಚಿ ಬಿಚ್ಚಿ, ಸೇದಿ ಮರಗಟ್ಟುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅವತ್ತೂ ಅದೇ ಯೋಚನೆಯಲ್ಲಿ, ತಿರುಗುತ್ತಿದ್ದ ಲೇತಿನಿಂದ ಕಬ್ಬಿಣದ ಸಿಪ್ಪೆ ತೆಗೆಯಲು ಹೋಗಿದ್ದೆ. ಹಾಗಾದರೆ ಶಾಪ ತಟ್ಟಿತೋ, ನನ್ನ ಹೆದರಿಕೆ ತಟ್ಟಿತೋ? ಹೆದರಿಕೆಯೇ ಶಾಪದ ಕೆಲಸಗಾರನಾಗಿದ್ದರೆ? ಇದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಕೊನೆಗೆ ಅವಳು ಚರ್ಚಿನ ಪಾದ್ರಿ ಅಯ್ಯನವರ ಬಳಿಗೆ ಹೋದಳು. ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ನಾನೂ ಹೋದೆ. ‘ನನ್ನ ಮಾತಿಂದ್ಲೇ ಹಿಂಗಾಯ್ತಾ, ಅಯ್ಯನೋರೇ?’ ಎಂದಳು. ‘ಛೆ, ಇಲ್ಲಮ್ಮ. ಮನುಷ್ಯರ ಬಾಯಿಗೆ ಅಂಥ ಶಕ್ತಿ ಎಲ್ಲಿದೆ? ಎಲ್ಲ ದೇವರ ಕೈಲಿದೆ’ ಎಂದರು ಅವರು. ದೊಡ್ಡಮ್ಮ ಬಿಡಲಿಲ್ಲ. ‘ಹಂಗಾದ್ರೆ ಭಾನುವಾರ ನೀವು ಕೈ ಎತ್ತಿ ಹರಸ್ತೀರಲ್ಲ, ಅದೂ ಬರೀ ಗಾಳಿನಾ?’

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ‘ಅದು ಪ್ರಾರ್ಥನೆಯಮ್ಮ.’

‘ನಾನು ಅಂದಿದ್ದೂ ಮನಸಾರೆ ಅಂದಿದ್ದೇ.’

ಅವರು ಕನ್ನಡಕವನ್ನು ಮತ್ತೆ ಒರೆಸಿದರು.

ಆಮೇಲೆ ನಾನೂ ಬೈಬಲ್ ತಿರುವಿದೆ. ಕಣ್ಣು ಕಾಣದ ಮುದುಕ ತಂದೆ ಹಿರಿಯ ಮಗನೆಂದು ತಿಳಿದು ಕಿರಿಯನನ್ನು ಹರಸಿದ ಕಥೆ ಅಲ್ಲಿದೆ. ಮೋಸ ಗೊತ್ತಾದರೂ ಆ ಮಾತನ್ನು ಅವನು ಹಿಂದಕ್ಕೆ ಪಡೆಯಲಾಗಲಿಲ್ಲ. ಸರಿ, ಮಾತಿಗೆ ಶಕ್ತಿಯಿದೆ ಎಂದುಕೊಂಡೆ. ನಾಲ್ಕು ಸಂಜೆ ಕಳೆಯುವಷ್ಟರಲ್ಲಿ, ಶತ್ರುಗಳನ್ನು ಶಪಿಸಲೆಂದೇ ರಾಜನೊಬ್ಬ ಕರೆಸಿಕೊಂಡ ಪ್ರವಾದಿಯ ಬಾಯಿಂದ ದೇವರು ಹರಕೆಯನ್ನೇ ಹೊರಡಿಸಿದ ಕಥೆ ಸಿಕ್ಕಿತು. ಅಂದರೆ ಬಾಯಿ ನಮ್ಮದು, ಮಾತು ನಮ್ಮದಲ್ಲ. ಶಪಿಸುವವರನ್ನೂ ಹರಸಿ ಎಂಬ ಬೋಧನೆ ಬೇರೆ. ಪುಸ್ತಕ ಮುಚ್ಚಿದಾಗ, ತೆರೆಯುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ನನ್ನಲ್ಲಿತ್ತು.

ದೊಡ್ಡಮ್ಮ ಮಾತ್ರ ತೀರ್ಮಾನ ಮಾಡಿಬಿಟ್ಟಿದ್ದಳು. ಬೈಯುವುದನ್ನು ನಿಲ್ಲಿಸಿದಳು, ಅದರ ಜೊತೆಗೆ ಹರಸುವುದನ್ನೂ. ಹಾಲಿನವನು ನೀರು ಬೆರೆಸಿದರೂ ಸುಮ್ಮನೆ ಪಾತ್ರೆ ಹಿಡಿಯುತ್ತಿದ್ದಳು. ಪಾಪ, ಅವನೇ ಹೆದರಿ ಒಂದು ವಾರ ಒಳ್ಳೆಯ ಹಾಲು ಕೊಟ್ಟ. ಬೈಗುಳವಿಲ್ಲದ ಮನೆ ನನಗೆ ಪರರ ಮನೆಯಂತಿತ್ತು. ‘ಒಂದ್ಸಲ ಬೈಯಿ ದೊಡ್ಡಮ್ಮ’ ಎಂದು ಬೇಡಿಕೊಂಡಿದ್ದೂ ಉಂಟು. ಅವಳು ನನ್ನ ಕೈ ನೋಡಿ ಮುಖ ತಿರುಗಿಸುತ್ತಿದ್ದಳು.

ಮರುವರ್ಷ ಮಗಳು ಹುಟ್ಟಿದಳು. ಬಂದವರೆಲ್ಲ ಮಗುವಿನ ತಲೆ ಮುಟ್ಟಿ ಹರಸಿದರು. ದೊಡ್ಡಮ್ಮ ಹತ್ತಿರ ಬರಲಿಲ್ಲ. ‘ನನ್ನ ಬಾಯಿ ಬೇಡಮ್ಮ ಅದಕ್ಕೆ’ ಎನ್ನುತ್ತಿದ್ದಳು. ಮೂರು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಸುಗುಣ ಬೇಸತ್ತು, ‘ಹರಸೋದು ಬೇಡ, ಹಿಡ್ಕೊಳ್ಳಿ ಸಾಕು. ಒಲೆ ಮೇಲೆ ಅನ್ನ ಸೀಯ್ತಾ ಇದೆ’ ಎಂದು ಮಗುವನ್ನು ಅವಳ ಮಡಿಲಿಗೆ ಹಾಕಿ ಒಳಗೆ ಹೋದಳು. ದೊಡ್ಡಮ್ಮ ಬೊಂಬೆಯಂತೆ ಕುಳಿತಳು. ಮಗು ಅವಳನ್ನು ನೋಡಿ ನಕ್ಕಿತು. ನಗುತ್ತಲೇ ಅವಳ ಹೊಸ ಸೀರೆಯನ್ನು ಪೂರ್ತಿ ನೆನೆಸಿಬಿಟ್ಟಿತು.

‘ಅಯ್ಯೋ, ನಿನ್ನ ಮನೆ—’ ಎಂದಳು ದೊಡ್ಡಮ್ಮ.

ಅಲ್ಲಿಗೆ ನಿಂತಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನಾನು ತಿರುಗಿ ನೋಡಿದೆ. ಆ ವಾಕ್ಯ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮೂವರಿಗೂ ಗೊತ್ತಿತ್ತು. ದೊಡ್ಡಮ್ಮ ಒಮ್ಮೆ ಸೂರು ನೋಡಿದಳು, ಒಮ್ಮೆ ಸೀರೆ ನೋಡಿದಳು.

‘—ನಿನ್ನ ಮನೆ ತುಂಬ ಮಕ್ಕಳಾಗ್ಲಿ! ಅವೆಲ್ಲ ಸೇರಿ ನಿನ್ನ ಮೇಲೆ ಹೀಗೇ ಉಚ್ಚೆ ಹೊಯ್ಲಿ!’

ಅದು ಹರಕೆಯೋ ಶಾಪವೋ ಎಂದು ಅಯ್ಯನವರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಸುಗುಣ ಮಾತ್ರ ಒಳಗಿನಿಂದಲೇ ‘ಆಮೆನ್’ ಎಂದಳು.