ಚಪ್ಪಲಿ ಕೈಯಲ್ಲಿ ಹಿಡಿದು ನಿಂತವನು

ಇವತ್ತು ಬೆಳಿಗ್ಗೆ ನಮ್ಮ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು ತಟಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡರು. ಎದುರಿಗೆ ಯಾರಾದರೂ ದಾಟಿ ಹೋಗುವಾಗ ಎಳೆದುಕೊಳ್ಳುತ್ತೇವಲ್ಲ, ಹಾಗೆ. ದಾಟಿದವರು ಯಾರೂ ಇರಲಿಲ್ಲ. ಮಬ್ಬುಗತ್ತಲಿನ ಆ ಪಡಸಾಲೆಯಲ್ಲಿ ಆಗ ಇದ್ದದ್ದು ಅವರು, ನಾನು, ನನ್ನ ಕೈಯಲ್ಲಿದ್ದ ಹನಿ ಔಷಧಿಯ ಸೀಸೆ, ಅಷ್ಟೇ.

ನೀವಾಗಿದ್ದರೆ 'ಪಾಪ, ವಯಸ್ಸಾಯಿತು' ಅಂದುಕೊಂಡು ಮುಂದೆ ಹೋಗುತ್ತಿದ್ದಿರಿ. ನಾನು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ಇದೇ ಬೆಂಚಿನ ಮೇಲೆ ಪುಟ್ಟತಾಯಮ್ಮ ಎಂಬ ಅಜ್ಜಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದು, ಖಾಲಿ ಜಾಗದ ಕಡೆ ತಿರುಗಿ "ಕೂತ್ಕಳಿ" ಅಂದಿದ್ದರು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನನ್ನು ಡಾಕ್ಟರಮ್ಮ ಅನ್ನುತ್ತೀರಿ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡ ಮನೆತನ. ಪಿಯುಸಿ ಆದ ಮೇಲೆ ಕಣ್ಣು ಪರೀಕ್ಷೆ ಮಾಡುವ ಡಿಪ್ಲೊಮಾಗೆ ಸೇರುತ್ತೇನೆ ಅಂದಾಗ ಅಪ್ಪ, "ಅತ್ತ ಡಾಕ್ಟ್ರೂ ಅಲ್ಲ, ಇತ್ತ ನರ್ಸೂ ಅಲ್ಲ, ಗಂಡಿನ ಕಡೆಯೋರಿಗೆ ಏನಂತ ಹೇಳೋದವ್ವ?" ಎಂದು ತಲೆ ಕೆರೆದುಕೊಂಡಿದ್ದರು. ಈಗಲೂ ಹೇಳುವುದು ಕಷ್ಟವೇ. ಡಾಕ್ಟರು ಕಣ್ಣು ಮುಟ್ಟುವ ಮೊದಲು ಮತ್ತು ಆಮೇಲೆ ನಡೆಯುವುದೆಲ್ಲ ನಮ್ಮ ಪಾಲು. ಹನಿ ಬಿಡುವುದು, ಕಣ್ಣಿನ ಒತ್ತಡ ಅಳೆಯುವುದು, ಭಾರದ ಚೌಕಟ್ಟನ್ನು ಮೂಗಿನ ಮೇಲೆ ಕೂರಿಸಿ ಗಾಜು ಬದಲಿಸುತ್ತಾ "ಇದು ಚೆನ್ನಾಗಿದೆಯೋ, ಅದೋ?" ಎಂದು ದಿನವಿಡೀ ಕೇಳುವುದು. ಈ ಪ್ರಶ್ನೆ ನನ್ನ ನಾಲಗೆಗೆ ಎಷ್ಟು ಅಂಟಿದೆಯೆಂದರೆ, ಸೀರೆ ಅಂಗಡಿಯಲ್ಲಿ ಅಂಗಡಿಯವನನ್ನೇ ಹಾಗೆ ಕೇಳಿ ನಗೆಪಾಟಲಾಗಿದ್ದೇನೆ. ನಮ್ಮಲ್ಲಿಗೆ ಬರುವವರೂ ಚಾಲಾಕಿನಲ್ಲಿ ಕಮ್ಮಿಯಿಲ್ಲ. ಹೊರಗೆ ಕೂತು, ಮುಂದಿನವರು ಓದುವ ಅಕ್ಷರಗಳನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿ, ಒಳಗೆ ಬಂದು ಬರೀ ಗೋಡೆಗೆ ಒಪ್ಪಿಸುವವರಿದ್ದಾರೆ.

ಕತ್ತಲ ಕೋಣೆಯಲ್ಲಿ ಒಬ್ಬರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರೆ ಜನ ಡಾಕ್ಟರಿಗೆ ಹೇಳದ್ದನ್ನು ಹೇಳುತ್ತಾರೆ. ಪುಟ್ಟತಾಯಮ್ಮ ಹೇಳಿದ್ದೂ ಅಲ್ಲೇ.

ಅವರು ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರ ಲೈನಿನವರು, ಅಂದರೆ ಕೂಲಿಯವರ ಸಾಲುಮನೆಯವರು. ಎರಡೂ ಕಣ್ಣಿಗೆ ಪೊರೆ ಬಲಿತು ಬೆಳ್ಳಗಾಗಿತ್ತು. ಕರೆದುಕೊಂಡು ಬಂದಿದ್ದ ಮಗಳು ರತ್ನ ಬಾಗಿಲಾಚೆಯೇ ನನ್ನ ಕೈ ಹಿಡಿದು, "ಅಕ್ಕಾ, ಅವ್ವ ಯಾರ್ ಹತ್ರಾನೋ ಮಾತಾಡ್ತದೆ. ತಾಯತ ಕಟ್ಸಿದ್ದಾಯ್ತು. ಲೈನಲ್ಲಿ ಯಾರೂ ನಮ್ಮನೆಗೆ ಬರ್ತಿಲ್ಲ" ಎಂದು ಪಿಸುಗುಟ್ಟಿದ್ದಳು. ಅಜ್ಜಿ ಮಾತ್ರ ನೆಂಟರ ಸುದ್ದಿ ಹೇಳುವ ಹಾಗೆ ಹೇಳಿದರು. "ಬೈಗಾದ್ರೆ ಬತ್ತಾರೆ ಕಣವ್ವ. ಗಂಡಸ್ರು, ಹೆಂಗಸ್ರು, ಸಣ್ಣ ಮಕ್ಳು. ಒಳ್ಳೊಳ್ಳೆ ಬಟ್ಟೆ ಹಾಕಿರ್ತಾರೆ. ಮಾತಿಲ್ಲ. ಗೋಡೆ ಪಕ್ಕ ನಿಂತ್ಕಂಡು ನನ್ನೇ ನೋಡ್ತಾರೆ. ಒಬ್ರೂ ಗುರ್ತಿನೋರಲ್ಲ."

ನನಗೆ ಒಳಗೊಳಗೇ ಖುಷಿಯಾಯಿತು ಅಂದರೆ ನಂಬುತ್ತೀರಾ? ಪಾಠದಲ್ಲಿ ಓದಿದ್ದು ಎದುರಿಗೇ ಬಂದು ಕೂತಿತ್ತು! ನೋಟ ಮಂಕಾದಾಗ ಕೆಲವರ ಮಿದುಳು ಸುಮ್ಮನಿರಲಾರದೆ ತಾನೇ ಚಿತ್ರ ಬಿಡಿಸುತ್ತದೆ. ಹುಚ್ಚೂ ಅಲ್ಲ, ದೆವ್ವವೂ ಅಲ್ಲ. ಕಣ್ಣು ಮುಚ್ಚಿದರೆ ಇರುವುದಿಲ್ಲ, ಪೊರೆ ತೆಗೆದರೆ ಹೆಚ್ಚಾಗಿ ಹೋಗಿಯೇಬಿಡುತ್ತದೆ. ಇದನ್ನೆಲ್ಲ ಮೇಷ್ಟರ ಹಾಗೆ ವಿವರಿಸಿದೆ.

ಅಜ್ಜಿ ಗಮನವಿಟ್ಟು ಕೇಳಿದರು. ಆಮೇಲೆ ಕೇಳಿದರು: "ಮನ್ಸೇ ಬರೆಯೋದಾದ್ರೆ ನನ್ ಮಗನ್ನ ಯಾಕೆ ಬರೆಯಲ್ಲ?"

ಮಗನಿಗೆ ಏನಾಯಿತು ಎಂದು ಕೇಳಿದೆ.

ಅವರ ಮಗ ಲೋಕೇಶ ಎಸ್ಟೇಟಿನ ಜೀಪು ಓಡಿಸುತ್ತಿದ್ದ. ಒಂದು ಇಳಿಜಾರಿನಲ್ಲಿ ಜೀಪು ಮಗುಚಿ ಹೋಗಿಬಿಟ್ಟ. ಮನೆಗೆ ತಂದಾಗ ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿತ್ತು. ಮುಖ ಬಿಚ್ಚಿ ತೋರಿಸಿ ಎಂದು ತಾಯಿ ಎಷ್ಟು ಬಡಿದುಕೊಂಡರೂ ಗಂಡಸರು ಬಿಡಲಿಲ್ಲ. "ನೋಡ್ಬಾರ್ದು ಅಂದ್ರು. ಅಂಥಾದ್ದೇನಾಗಿತ್ತು ಅವ್ನ ಮುಖಕ್ಕೆ? ಇಷ್ಟು ಜನ ಗುರ್ತಿಲ್ಲದೋರು ಬತ್ತಾರೆ, ಅವ್ನೂ ಒಂದಿನ ಬತ್ತಾನೆ. ಮುಖ ನೋಡಾಗಂಟ ನಾನು ಕಣ್ಣು ಕೊಯ್ಸಿಕೊಳಲ್ಲ."

ಡಾಕ್ಟರು ಗದರಿದರು. ಪೊರೆ ಹೀಗೇ ಬಲಿತರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗುತ್ತದೆ, ಆಮೇಲೆ ಯಾರಿಂದಲೂ ಆಗುವುದಿಲ್ಲ ಎಂದರು. ರತ್ನ ಅತ್ತಳು. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಅವರೇ ಒಂದು ಗಡುವು ಹಾಕಿಕೊಂಡರು. "ಪಕ್ಷದಲ್ಲಿ ಎಡೆ ಇಡ್ತೀನಿ. ಸತ್ತೋರು ಉಣ್ಣಕ್ಕೆ ಬರೋ ದಿನ ಅದು. ಅವತ್ತು ಬರದೆ ಎಲ್ಲೋಗ್ತಾನೆ?"

ಆ ಹಬ್ಬ ಬರುವವರೆಗೆ ನನಗೆ ಸಮಾಧಾನವಿರಲಿಲ್ಲ. ಬರುವುದಿಲ್ಲ, ಗುರುತಿನವರು ಹೀಗೆ ಕಾಣುವುದು ತೀರಾ ಅಪರೂಪ ಎಂದು ಪಾಠ ಹೇಳುತ್ತಿತ್ತು. ಬರಲಿ ದೇವರೇ ಎಂದು ನಾನು ಹೇಳುತ್ತಿದ್ದೆ.

ಪಕ್ಷ ಕಳೆದ ಮೇಲೆ ಅಜ್ಜಿ ತಾವಾಗಿಯೇ ಬಂದರು. ಕತ್ತಲ ಕೋಣೆಯಲ್ಲಿ ಗದ್ದವನ್ನು ಯಂತ್ರದ ಮೇಲಿಟ್ಟುಕೊಂಡೇ ಹೇಳಿದರು. "ಬಂದಿದ್ದ ಕಣವ್ವ. ಮಂದಿಯೆಲ್ಲ ಗೋಡೆ ಪಕ್ಕ ನಿಂತಿದ್ರು, ಇವ್ನು ಮಾತ್ರ ಹೊಸ್ಲಾಚೆ. ನನಗೆ ಬೆನ್ನು ಹಾಕಿದ್ದ. ಕೈಲಿ ಚಪ್ಪಲಿ ಹಿಡ್ಕಂಡಿದ್ದ."

ಆ ಚಪ್ಪಲಿಯಿಂದಲೇ ಗುರುತು. ಲೋಕೇಶ ಯಾವತ್ತೂ ಚಪ್ಪಲಿಯನ್ನು ಅಂಗಳದಲ್ಲೇ ಕಳಚಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬರುತ್ತಿದ್ದನಂತೆ. ಸಾರಿಸಿದ ನೆಲಕ್ಕೆ ಕೆಸರು ಮಾಡಿದರೆ ಅಜ್ಜಿ ಎಗರಾಡುತ್ತಿದ್ದರಂತೆ.

"ತಿರುಗೋ ಮಗ ಅಂದೆ. ಲೋಕಿ, ಒಂದೇ ಸಲ ತಿರುಗೋ ಅಂದೆ. ತಿರುಗಲಿಲ್ಲ. ನಾನು ಹೆದ್ರಿಕೊಂಡೇನು ಅಂತ ಅವ್ನಿಗೂ ಮುಖ ತೋರ್ಸೋ ಮನಸ್ಸಿಲ್ಲ. ಇನ್ನು ಯಾತಕ್ಕೆ ಕಾಯ್ಲಿ? ಕೊಯ್ದುಬಿಡ್ರಿ."

ಕೊಯ್ದರು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅಜ್ಜಿ ನನ್ನನ್ನು ದಿಟ್ಟಿಸಿ, "ಅಯ್ಯೋ, ನೀನಾ? ಗಂಟಲು ಕೇಳಿ ದಪ್ಪಗಿದ್ದೀಯ ಅಂದ್ಕಂಡಿದ್ದೆ" ಎಂದು ನಕ್ಕರು. ಎಲ್ಲರೂ ನಕ್ಕೆವು. ಆಮೇಲೆ ಅವರು ಗೋಡೆಯ ಉದ್ದಕ್ಕೂ ನಿಧಾನವಾಗಿ ಕಣ್ಣಾಡಿಸಿ, "ಎಲ್ಲಾ ಹೊಂಟೋದ್ರು" ಅಂದರು. ಅಷ್ಟು ಸ್ಪಷ್ಟವಾದ ಕಣ್ಣುಗಳಲ್ಲಿ ಅಷ್ಟು ನಿರಾಸೆಯನ್ನು ನಾನು ಮತ್ತೆ ನೋಡಿಲ್ಲ. ಆವತ್ತಿನಿಂದ ವಯಸ್ಸಾದವರು ಯಾರೇ ಬರಲಿ, ಅಕ್ಷರ ಓದಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಇಲ್ಲದವರು ಯಾರಾದರೂ ಕಾಣ್ತಾರಾ?"

ಇವತ್ತು ಕಾಲು ಎಳೆದುಕೊಂಡ ಅಜ್ಜನನ್ನೂ ಕೇಳಿದೆ. ಸಂಪಾಜೆಯಿಂದ ಬಸ್ಸು ಹತ್ತಿ ಒಬ್ಬರೇ ಬಂದವರು. ಚೆಟ್ಟಳ್ಳಿಯ ಮುಖ ಕಂಡವರೇ ಅಲ್ಲ.

"ಕಾಣ್ತಾರೆ ಮಾರಾಯ್ತಿ. ಸಂಜೆಗೆ ಅಂಗಳ ತುಂಬ ಜನ. ನಮ್ಮ ಊರಿನವರಲ್ಲ. ಉಪದ್ರ ಏನಿಲ್ಲ. ಒಬ್ಬ ಹುಡುಗ ಮಾತ್ರ ಪಾಪ, ಒಳಗೇ ಬರುವುದಿಲ್ಲ. ಮೆಟ್ಟಿಲ ಹತ್ತಿರ ನಿಲ್ತಾನೆ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು."

ಚಪ್ಪಲಿ ಕೈಯಲ್ಲಿ ಹಿಡಿಯುವವರು ಕೊಡಗಿನಲ್ಲಿ ಎಷ್ಟು ಜನವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಾಯಿ ಕೇಳಿಯೇಬಿಟ್ಟಿತು. "ಅಜ್ಜಾ, ಮುಖ ಕಾಣ್ತದಾ?"

"ಕಾಣದೆ ಎಂತ? ನನ್ನ ಕಡೆಗೇ ತಿರುಗಿ ನಿಲ್ಲುವುದು."

"ಮುಖಕ್ಕೆ ಏನಾದರೂ ಆಗಿದೆಯಾ?"

"ಎಂತ ಆಗುವುದು? ಚಂದದ ಮುಖ. ನಗಾಡ್ತಾನೆ."

ಅವರಿಗೆ ಹನಿ ಬಿಟ್ಟು, ಕಣ್ಣು ಮುಚ್ಚಿ ಕೂರಲು ಹೇಳಿ, ಹೊರಗೆ ಬಂದು ರತ್ನನಿಗೆ ಫೋನ್ ಮಾಡಿದೆ. ಕಲಿತ ಪಾಠಕ್ಕೆ ಇದು ಸರಿಯಲ್ಲ, ಗೊತ್ತು. ಫೋನ್ ಅಜ್ಜಿಯ ಕೈಗೆ ಹೋಯಿತು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಚಂದದ ಮುಖವಂತೆ, ಏನೂ ಆಗಿಲ್ಲವಂತೆ, ನಗುತ್ತಾನಂತೆ. ಅಜ್ಜಿ ಅಳುತ್ತಿದ್ದರು. ನಾನೂ ಅಳುತ್ತಿದ್ದೆ.

"ಆ ಯಜಮಾನ್ರಿಗೆ ಹೇಳವ್ವ," ಅಂದರು ಕಡೆಗೆ. "ಚಪ್ಪಲಿ ಹಾಕ್ಕಂಡೇ ಒಳಕ್ಕೆ ಬಾ ಅನ್ನಿ ಅಂತ. ನೆಲ ಕೆಸರಾದ್ರೆ ಆಗ್ಲಿ. ಅವ್ವ ಹೇಳಿದ್ಲು ಅನ್ನಿ."

ಒಳಗೆ ಬಂದು ಹೇಳಿದೆ. ಅಜ್ಜ ಯಾರು, ಏನು ಎಂದು ಕೇಳಲಿಲ್ಲ. ಮುಚ್ಚಿದ ಕಣ್ಣಲ್ಲೇ ತಲೆಯಾಡಿಸಿ, "ಹೇಳುವ. ಸಂಜೆ ಬರ್ತಾನಲ್ಲ" ಅಂದರು. ಆಪರೇಷನ್‌ಗೆ ನಾಳೆಯೇ ಜಾಗ ಖಾಲಿಯಿತ್ತು. ಅವರ ಪೊರೆ ಅಂಥ ಅವಸರದ್ದಲ್ಲ. ಇನ್ನೂ ನಾಲ್ಕು ಸಂಜೆ ಸಿಗಲಿ ಎಂದು ನಾನು ಮುಂದಿನ ವಾರಕ್ಕೆ ಹಾಕಿದೆ.